ಸೆಟ್ಟಿಗಿಂತ ಆಂಟೆನಾ ಮುಖ್ಯ: ಮನೆಯ ಹ್ಯಾಮ್ ಕೇಂದ್ರಕ್ಕೆ ಯಾವುದು ಸೂಕ್ತ?

ಎಂಬತ್ತರ ದಶಕದಲ್ಲಿ ದೂರದರ್ಶನ ನೋಡಿ ಬೆಳೆದವರಿಗೆ ಈ ದೃಶ್ಯ ಮರೆತಿರಲಾರದು. ಮನೆಯ ಯಜಮಾನರು ತಾರಸಿಯ ಮೇಲೆ ನಿಂತು ಮೀನಿನ ಮುಳ್ಳಿನಂಥ ಆಂಟೆನಾವನ್ನು ಮೆಲ್ಲಗೆ ತಿರುಗಿಸುತ್ತ "ಬಂತಾ?" ಎಂದು ಕೂಗುವುದು, ಕೆಳಗಿನಿಂದ ಮಕ್ಕಳು "ಬಂತು, ಬಂತು... ಅಯ್ಯೋ, ಹೋಯ್ತು" ಎಂದು ಉತ್ತರಿಸುವುದು. ಟಿ.ವಿ. ಎಷ್ಟೇ ದುಬಾರಿಯದಾದರೂ ಚಿತ್ರ ಮೂಡುವುದು ಆ ಕಡ್ಡಿಗಳ ಕೃಪೆಯಿಂದ ಎಂಬುದು ಆಗ ಮನೆಮನೆಗೂ ತಿಳಿದಿದ್ದ ಸಂಗತಿ. ಕೇಬಲ್ ಬಂತು, ಡಿಶ್ ಬಂತು, ಮೊಬೈಲ್ ಫೋನು ಆಂಟೆನಾವನ್ನು ತನ್ನ ಒಡಲೊಳಗೇ ಅಡಗಿಸಿಕೊಂಡಿತು. ಜನ ಆಂಟೆನಾವನ್ನು ಮರೆತರು.

ಮರೆಯಲಾಗದವರು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊ ಬಳಗದವರು. ಕೇಂದ್ರ ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗದ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, 'ವಿಯು' ಅಕ್ಷರಗಳಿಂದ ಆರಂಭವಾಗುವ ಕರೆಸಂಕೇತ ಪಡೆದು, ಮನೆಯಲ್ಲಿ ಸ್ವಂತ ಕೇಂದ್ರ ಸ್ಥಾಪಿಸಿಕೊಳ್ಳುವವರು ಇವರು. ಈ ಹವ್ಯಾಸಕ್ಕೆ ಬೆಂಗಳೂರು ಬಹುಕಾಲದಿಂದ ನೆಲೆ. ಹವ್ಯಾಸಿಗಳಿಗೆಂದೇ ಇಸ್ರೋ ರೂಪಿಸಿದ 'ಹ್ಯಾಮ್‌ಸ್ಯಾಟ್' ಉಪಗ್ರಹ 2005ರ ಮೇ 5ರಂದು ಕಕ್ಷೆ ಸೇರಿ 2014ರವರೆಗೆ ಕಾರ್ಯನಿರ್ವಹಿಸಿತು. ಆದರೆ ಹೊಸದಾಗಿ ಪರವಾನಗಿ ಪಡೆದವರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ಉಳಿಸಿದ ಹಣವನ್ನೆಲ್ಲ ಸೆಟ್ಟಿನ ಮೇಲೆ ಸುರಿದು, ಮಿಕ್ಕ ಚಿಲ್ಲರೆಯಲ್ಲಿ ಆಂಟೆನಾ ಮತ್ತು ಕೇಬಲ್ ಕೊಳ್ಳುವುದು. ಆಮೇಲೆ ಹತ್ತು ಕಿಲೋಮೀಟರ್ ಆಚೆಯ ಗೆಳೆಯನ ದನಿಯೂ ಕೇಳದಿದ್ದಾಗ ಇನ್ನೂ ಶಕ್ತಿಶಾಲಿಯಾದ ಸೆಟ್ಟಿಗಾಗಿ ಹುಡುಕಾಟ ಆರಂಭವಾಗುತ್ತದೆ. ದೋಷವಿರುವುದು ತಾರಸಿಯಲ್ಲಿ, ಚಿಕಿತ್ಸೆ ನಡೆಯುವುದು ಮೇಜಿನ ಮೇಲೆ!

ಮೊದಲ ಪ್ರಶ್ನೆ: ಯಾರೊಡನೆ ಮಾತು?

ಆಂಟೆನಾ ಆಯ್ಕೆ ಅಂಗಡಿಯಲ್ಲಿ ಆರಂಭವಾಗುವುದಿಲ್ಲ. ಮಾತನಾಡಬೇಕಾದದ್ದು ಊರೊಳಗಿನವರೊಂದಿಗೋ, ದೂರದ ಜಿಲ್ಲೆಯವರೊಂದಿಗೋ ಎಂಬುದು ಮೊದಲು ತೀರ್ಮಾನವಾಗಬೇಕು. ಊರೊಳಗಿನ ಸಂಪರ್ಕಕ್ಕೆ ಬಳಕೆಯಾಗುವುದು 144ರಿಂದ 146 ಮೆಗಾಹರ್ಟ್ಸ್ ನಡುವಿನ 'ಎರಡು ಮೀಟರ್' ಪಟ್ಟಿ. ರಾಜ್ಯದ ಉದ್ದಗಲಕ್ಕೂ ಮಾತು ತಲುಪಬೇಕಾದರೆ 7 ಮೆಗಾಹರ್ಟ್ಸ್‌ನ 'ನಲವತ್ತು ಮೀಟರ್' ಪಟ್ಟಿ. ಈ ಮೀಟರ್ ಲೆಕ್ಕ ಅಲೆಯ ಉದ್ದವನ್ನು ಸೂಚಿಸುತ್ತದೆ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರುಗಳಲ್ಲಿ ದೊರೆಯುತ್ತದೆ. ಆಂಟೆನಾದ ಅಳತೆ ಈ ಉದ್ದದ ಕಾಲು ಭಾಗವೋ, ಅರ್ಧ ಭಾಗವೋ ಆಗಿರುವುದರಿಂದ ಒಂದು ಪಟ್ಟಿಯ ಆಂಟೆನಾ ಮತ್ತೊಂದಕ್ಕೆ ಸಾಮಾನ್ಯವಾಗಿ ಒದಗದು. 145 ಮೆಗಾಹರ್ಟ್ಸ್‌ಗೆ ಅರ್ಧ ಮೀಟರಿನ ಕಡ್ಡಿ ಸಾಕು. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್ ಉದ್ದದ ತಂತಿ ಬೇಕು.

ನಗರವಾಸಿಗಳಲ್ಲಿ ಹೆಚ್ಚಿನವರು ಆರಂಭಿಸುವುದು ಎರಡು ಮೀಟರ್ ಪಟ್ಟಿಯಿಂದ. ಈ ಅಲೆಗಳು ಹೆಚ್ಚುಕಡಿಮೆ ದೃಷ್ಟಿಯಂತೆ ನೇರವಾಗಿ ಸಾಗುತ್ತವೆ. ಭೂಮಿ ದುಂಡಗಿರುವುದರಿಂದ ಒಂದು ದೂರದ ನಂತರ ಅದು ಅಡ್ಡ ಬರುತ್ತದೆ. ಆಂಟೆನಾದ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ಕ್ಷಿತಿಜದ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ. ರಸ್ತೆಯಲ್ಲಿ ನಿಂತು ವಾಕಿಟಾಕಿ ಹಿಡಿದವರಿಗೆ ಈ ಕ್ಷಿತಿಜ 5 ಕಿ.ಮೀ. ಮಾತ್ರ. ಎರಡಂತಸ್ತಿನ ಮನೆಯ ಮೇಲೆ, ನೆಲದಿಂದ 9 ಮೀಟರ್ ಎತ್ತರದಲ್ಲಿ ಆಂಟೆನಾ ಇದ್ದರೆ 12 ಕಿ.ಮೀ. ಅಂಥದೇ ಇನ್ನೊಂದು ಮನೆಯೊಡನೆ ಮಾತನಾಡುವಾಗ ಇಬ್ಬರ ಕ್ಷಿತಿಜವನ್ನೂ ಕೂಡಿಸಬಹುದು, ಅಂದರೆ ಸುಮಾರು 25 ಕಿ.ಮೀ. ಸುತ್ತಲಿನ ಬಯಲಿಗಿಂತ 400 ಮೀಟರ್ ಎತ್ತರದ ಬೆಟ್ಟದ ಮೇಲೆ ರಿಪೀಟರ್ ಇದ್ದರೆ ಲೆಕ್ಕವೇ ಬದಲಾಗುತ್ತದೆ. ಅದರ ಕ್ಷಿತಿಜ 82 ಕಿ.ಮೀ., ಮನೆಯದು 12. ತೊಂಬತ್ತು ಕಿಲೋಮೀಟರ್ ದೂರದ ಮನೆಯೂ ಅದರ ಕಣ್ಣಿಗೆ ಬೀಳುತ್ತದೆ. ಇದು ಬಯಲಿನ ಲೆಕ್ಕ. ನಡುವೆ ಗುಡ್ಡ ಅಥವಾ ಬಹುಮಹಡಿ ಕಟ್ಟಡ ಬಂದರೆ ದೂರ ಕುಗ್ಗುತ್ತದೆ.

ಈ ಲೆಕ್ಕದಲ್ಲಿ ವ್ಯಾಟ್‌ನ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. ಸಮತಟ್ಟಾದ ನೆಲದಲ್ಲಿ ಆಂಟೆನಾದ ಎತ್ತರವನ್ನು ಇಮ್ಮಡಿಗೊಳಿಸಿದರೆ ದೂರದಲ್ಲಿ ದೊರೆಯುವ ಲಾಭ ಸುಮಾರು 6 ಡೆಸಿಬೆಲ್. ಇದು ಸೆಟ್ಟಿನ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದ್ದಕ್ಕೆ ಸಮ. ಮೇಲಾಗಿ, ಶಕ್ತಿ ಹೆಚ್ಚಿಸಿದರೆ ಪ್ರಸಾರ ಮಾತ್ರ ಬಲಗೊಳ್ಳುತ್ತದೆ. ಎತ್ತರ ಹೆಚ್ಚಿಸಿದರೆ ಹೇಳುವುದೂ ಕೇಳುವುದೂ ಎರಡೂ ಸುಧಾರಿಸುತ್ತವೆ.

ಕೇಬಲ್ ಎಂಬ ಕಳ್ಳ

ಹಾಗೆಂದು ಎತ್ತರಕ್ಕೆ ಏರಿಸುತ್ತ ಹೋದಂತೆ ಕೇಬಲ್ ಉದ್ದವಾಗುತ್ತದೆ. ಹೊಸಬರು ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲಿಯೇ, ಅದೂ ಅವರ ಅರಿವಿಗೆ ಬಾರದಂತೆ. ಅಗ್ಗವಾಗಿ ಎಲ್ಲೆಡೆ ಸಿಗುವ ತೆಳುವಾದ ಆರ್‌ಜಿ-58 ಕೇಬಲ್ 145 ಮೆಗಾಹರ್ಟ್ಸ್‌ನಲ್ಲಿ 30 ಮೀಟರಿಗೆ ಸುಮಾರು 6 ಡೆಸಿಬೆಲ್ ನುಂಗುತ್ತದೆ. ಸೆಟ್ಟಿನಿಂದ ಹೊರಟ 25 ವ್ಯಾಟ್‌ನಲ್ಲಿ ಆಂಟೆನಾ ತಲುಪುವುದು ಆರು ವ್ಯಾಟ್ ಮಾತ್ರ. ಮಿಕ್ಕದ್ದು ಕೇಬಲ್ಲನ್ನು ಬೆಚ್ಚಗಾಗಿಸಲು ವ್ಯಯವಾಗುತ್ತದೆ. ಬೆರಳಿನ ದಪ್ಪದ ಆರ್‌ಜಿ-213 ಹಾಕಿದರೆ 13 ವ್ಯಾಟ್, ಇನ್ನೂ ಉತ್ತಮವಾದ ಎಲ್‌ಎಂಆರ್-400 ದರ್ಜೆಯ ಕೇಬಲ್ ಆದರೆ 17 ವ್ಯಾಟ್‌ಗಿಂತ ಹೆಚ್ಚು ತಲುಪುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಬಲ್ ಕೊಳ್ಳುವವರು ಮೀಟರಿನ ಬೆಲೆಯೊಂದನ್ನೇ ಕೇಳದೆ, ಅದರ ಮೈಮೇಲಿನ ಹೆಸರನ್ನು ಓದುವುದು ಮತ್ತು ಹೊರ ಹೆಣಿಗೆ ಎಷ್ಟು ಒತ್ತಾಗಿದೆ ಎಂದು ತುದಿ ಸೀಳಿಸಿ ನೋಡುವುದು ಒಳ್ಳೆಯದು. ಟಿ.ವಿ. ಕೇಬಲ್ 75 ಓಮ್‌ನದು. ಸೆಟ್ಟು ಬಯಸುವುದು 50 ಓಮ್.

ಹಾಳು ಕೇಬಲ್ ಇನ್ನೊಂದು ಮೋಸವನ್ನೂ ಮಾಡುತ್ತದೆ. ಆಂಟೆನಾ ಸರಿಯಿದೆಯೇ ಎಂದು ತಿಳಿಯಲು ಹ್ಯಾಮ್‌ಗಳು ಎಸ್‌ಡಬ್ಲ್ಯುಆರ್ ಮೀಟರ್ ಬಳಸುತ್ತಾರೆ. ಆಂಟೆನಾದಿಂದ ಎಷ್ಟು ಶಕ್ತಿ ಹಿಂದಿರುಗಿ ಬರುತ್ತಿದೆ ಎಂಬುದನ್ನು ಅದು ಸೂಚಿಸುತ್ತದೆ. ಒಂದಕ್ಕೆ ಒಂದು ಎಂದರೆ ಪರಿಪೂರ್ಣ. ಒಂದೂವರೆ ಇದ್ದರೆ ಹಿಂದಿರುಗುವುದು ಶೇ. 4, ಮೂರಿದ್ದರೆ ಕಾಲು ಭಾಗವೇ ವಾಪಸ್ಸು. ಆದರೆ ಮೀಟರ್ ಇರುವುದು ಕೆಳಗೆ, ಸೆಟ್ಟಿನ ಪಕ್ಕದಲ್ಲಿ. ಆರು ಡೆಸಿಬೆಲ್ ನುಂಗುವ ಕೇಬಲ್‌ನಲ್ಲಿ ಹೋಗುವಾಗಲೂ ನಷ್ಟ, ಮರಳಿ ಬರುವಾಗಲೂ ನಷ್ಟ. ಮೇಲೆ ಮೂರರಷ್ಟು ಕೆಟ್ಟ ಆಂಟೆನಾ ಇದ್ದರೂ ಕೆಳಗೆ ಮುಳ್ಳು 1.3 ತೋರಿಸುತ್ತದೆ! ಆಂಟೆನಾ ಕಳಚಿ ಬಿದ್ದು ಕೇಬಲ್‌ನ ತುದಿ ಗಾಳಿಯಲ್ಲಿ ನೇತಾಡುತ್ತಿದ್ದರೂ 1.7ಕ್ಕಿಂತ ಮೇಲೇರುವುದಿಲ್ಲ. "ಎಸ್‌ಡಬ್ಲ್ಯುಆರ್ ಚೆನ್ನಾಗಿದೆ, ಆದರೂ ಯಾರಿಗೂ ಕೇಳುತ್ತಿಲ್ಲ" ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಇದೇ. ಸಾಧ್ಯವಾದರೆ ಆಂಟೆನಾದ ಬುಡದಲ್ಲಿಯೇ ಒಮ್ಮೆ ಅಳೆದು ನೋಡಬೇಕು.

ಯಾವ ಆಕಾರ?

ಅತ್ಯಂತ ಸರಳವಾದದ್ದು, ಅತ್ಯಂತ ಕಡಿಮೆ ಗೌರವ ಪಡೆದದ್ದು, ಕಾಲು ಅಲೆಯ ಗ್ರೌಂಡ್ ಪ್ಲೇನ್. ಚೌಕನೆಯ ಕನೆಕ್ಟರ್ ಒಂದರ ನಡುವೆ ಸುಮಾರು 49 ಸೆಂ.ಮೀ. ಉದ್ದದ ನೆಟ್ಟನೆಯ ಕಡ್ಡಿ, ನಾಲ್ಕು ಮೂಲೆಗಳಿಂದ ಅದಕ್ಕಿಂತ ತುಸು ಉದ್ದದ ನಾಲ್ಕು ಕಡ್ಡಿಗಳು, ಇಷ್ಟೇ. ನಾಲ್ಕು ಕಡ್ಡಿಗಳನ್ನು 45 ಡಿಗ್ರಿಯಷ್ಟು ಕೆಳಮುಖವಾಗಿ ಬಗ್ಗಿಸಿದರೆ ಅದರ ಅಡಚಣೆ 36 ಓಮ್‌ನಿಂದ 50ರ ಸಮೀಪಕ್ಕೆ ಬರುತ್ತದೆ. ಬೇರೆ ಹೊಂದಾಣಿಕೆಯ ಅಗತ್ಯವಿಲ್ಲ. ಹಿತ್ತಾಳೆ ಅಥವಾ ತಾಮ್ರದ ಕಡ್ಡಿ ತಂದು ಒಂದು ಭಾನುವಾರ ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು. ಕಡ್ಡಿಯನ್ನು ಲೆಕ್ಕಕ್ಕಿಂತ ಒಂದೆರಡು ಸೆಂಟಿಮೀಟರ್ ಉದ್ದವಾಗಿಟ್ಟು, ಮೀಟರ್ ನೋಡುತ್ತ ಸ್ವಲ್ಪಸ್ವಲ್ಪವೇ ಕತ್ತರಿಸುವುದು ಜಾಣತನ. ಉದ್ದದ್ದನ್ನು ಗಿಡ್ಡ ಮಾಡಬಹುದು, ಗಿಡ್ಡದ್ದನ್ನು ಉದ್ದ ಮಾಡಲಾಗದು. ಹೊಸಬರ ಮೊದಲ ಆಂಟೆನಾ ಇದೇ ಆಗಿದ್ದರೆ ಒಳ್ಳೆಯದು. ಹಣ ಉಳಿಯುತ್ತದೆ, ಪಾಠವೂ ದೊರೆಯುತ್ತದೆ.

ಇನ್ನೊಂದು ಜನಪ್ರಿಯ ರೂಪ ಇಂಗ್ಲಿಷಿನ 'ಜೆ' ಅಕ್ಷರದಂತಿರುವ ಜೆ-ಪೋಲ್. ಇದರ ಮೂಲಪುರುಷ ಜರ್ಮನಿಯ ಝೆಪ್ಪಲಿನ್ ವಾಯುನೌಕೆಗಳಿಂದ ಬಾಲದಂತೆ ಇಳಿಬಿಡುತ್ತಿದ್ದ ತಂತಿ. ಆಕಾಶದಲ್ಲಿ ತೇಲುವ ನೌಕೆಗೆ ನೆಲದ ಆಸರೆ ಎಲ್ಲಿಂದ ಬರಬೇಕು? ಹಾಗಾಗಿ ಅಡ್ಡ ಕಡ್ಡಿಗಳ ಹಂಗಿಲ್ಲದ ವಿನ್ಯಾಸ ಹುಟ್ಟಿಕೊಂಡಿತು. ಅಪಾರ್ಟ್‌ಮೆಂಟ್ ನಿವಾಸಿಗಳಿಗೆ ಇದರ ಒಂದು ಮಡಚುವ ರೂಪ ಬಹಳ ಉಪಯುಕ್ತ. ಹಳೆಯ ಟಿ.ವಿ. ಆಂಟೆನಾದಿಂದ ಕೆಳಗಿಳಿಯುತ್ತಿದ್ದ 300 ಓಮ್‌ನ ಚಪ್ಪಟೆ ತಂತಿ ನೆನಪಿರಬಹುದು. ಅದರ ಸುಮಾರು ಒಂದೂವರೆ ಮೀಟರ್ ತುಂಡಿನಲ್ಲಿಯೇ ಎರಡು ಮೀಟರ್ ಪಟ್ಟಿಯ 'ಜೆ' ಸಿದ್ಧವಾಗುತ್ತದೆ. ಬೇಕಾದಾಗ ಕಿಟಕಿಯ ಮೇಲಿನ ಮೊಳೆಗೆ ನೇತುಹಾಕಿ, ಕೆಲಸ ಮುಗಿದ ಮೇಲೆ ಸುತ್ತಿ ಮೇಜಿನ ಖಾನೆಯಲ್ಲಿ ಇಡಬಹುದು. ಕಬ್ಬಿಣದ ಗ್ರಿಲ್‌ನಿಂದ ಆದಷ್ಟು ದೂರವಿರಿಸಬೇಕು, ಅಷ್ಟೆ.

ಮಾರುಕಟ್ಟೆಯಲ್ಲಿ ಹೆಚ್ಚು ಆಕರ್ಷಿಸುವುದು ಬಿಳಿಯ ಫೈಬರ್ ಕೊಳವೆಯೊಳಗಿನ ಕೊಲಿನಿಯರ್ ಆಂಟೆನಾ. ಹಲವು ಭಾಗಗಳನ್ನು ಒಂದರ ಮೇಲೊಂದು ಜೋಡಿಸಿರುವುದರಿಂದ ಇದಕ್ಕೆ ಲಾಭ, ಅಂದರೆ ಗೇನ್ ಹೆಚ್ಚು. ಗೇನ್ ಎಂದರೆ ಹೊಸದಾಗಿ ಹುಟ್ಟಿದ ಶಕ್ತಿಯಲ್ಲ. ಬಲೂನನ್ನು ಮೇಲಿನಿಂದ ಒತ್ತಿದರೆ ಅದು ಅಗಲಕ್ಕೆ ಹರಡಿಕೊಳ್ಳುವಂತೆ, ಆಕಾಶಕ್ಕೆ ವ್ಯರ್ಥವಾಗುತ್ತಿದ್ದ ಶಕ್ತಿಯನ್ನು ಕ್ಷಿತಿಜದತ್ತ ಒತ್ತುವುದು. ಬಯಲುಸೀಮೆಯ ಊರಿಗೆ ಇದು ವರವೇ ಸರಿ. ಆದರೆ ಕಡಿದಾದ ಗುಡ್ಡದ ಬುಡದಲ್ಲಿಯೇ ಮನೆಯಿದ್ದು, ರಿಪೀಟರ್ ಅದೇ ಗುಡ್ಡದ ನೆತ್ತಿಯ ಮೇಲಿದ್ದರೆ, ಅತಿ ಚಪ್ಪಟೆಯಾದ ಕಿರಣ ಅದರ ಕೆಳಗೇ ಹಾದುಹೋಗಬಹುದು. ಮಲೆನಾಡಿನ ಇಂಥ ಸ್ಥಳಗಳಲ್ಲಿ ಬಡಪಾಯಿ ಗ್ರೌಂಡ್ ಪ್ಲೇನ್ ದುಬಾರಿ ಕೊಳವೆಯನ್ನು ಹಿಂದಿಕ್ಕಿದರೆ ಆಶ್ಚರ್ಯವಿಲ್ಲ. ಜಾಹೀರಾತಿನ ಅಂಕಿಗಳನ್ನು ಓದುವಾಗಲೂ ಎಚ್ಚರ ಬೇಕು. ಡಿಬಿಐ ಎಂದು ಬರೆದ ಅಂಕಿ ಡಿಬಿಡಿ ಅಂಕಿಗಿಂತ 2.15ರಷ್ಟು ದೊಡ್ಡದಾಗಿ ಕಾಣುತ್ತದೆ; ಆಂಟೆನಾ ಮಾತ್ರ ಅದೇ. ಬರಿಯ 'ಡಿಬಿ' ಎಂದಷ್ಟೇ ನಮೂದಿಸಿದ್ದರೆ ದೊಡ್ಡ ಅಂಕಿಯನ್ನೇ ಆರಿಸಿಕೊಂಡಿದ್ದಾರೆಂದು ಭಾವಿಸುವುದು ಕ್ಷೇಮ.

ಒಂದೇ ದಿಕ್ಕಿನಲ್ಲಿರುವ ದೂರದ ನಿಲಯವನ್ನು ತಲುಪಬೇಕಾದವರಿಗೆ ಯಾಗಿ ಇದೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶಿಂಟಾರೊ ಉಡಾ ಮತ್ತು ಹಿಡೆಟ್ಸುಗು ಯಾಗಿ 1926ರಲ್ಲಿ ಜಗತ್ತಿಗೆ ಪರಿಚಯಿಸಿದ ಆಂಟೆನಾ ಇದು. ಕೆಲಸದ ಬಹುಪಾಲು ಉಡಾ ಅವರದು, ಹೆಸರು ಮಾತ್ರ ಯಾಗಿ ಅವರದು. ದೂರದರ್ಶನ ಕಾಲದ ಮೀನಿನ ಮುಳ್ಳು ಇದೇ. ಐದು ಕಡ್ಡಿಗಳ ಯಾಗಿ ತಾನು ನೋಡುವ ದಿಕ್ಕಿನಲ್ಲಿ ಎಂಟು ಡೆಸಿಬೆಲ್‌ನ ಆಸುಪಾಸು ಗೇನ್ ಕೊಡುತ್ತದೆ, ಅಂದರೆ ಶಕ್ತಿ ಆರು ಪಟ್ಟಾದಂತೆ. ಬೆನ್ನಿನ ಕಡೆಯವರಿಗೆ ಮಾತ್ರ ದನಿ ಕ್ಷೀಣ. ಟಿ.ವಿ. ಆಂಟೆನಾದ ಕಡ್ಡಿಗಳು ಮಲಗಿರುತ್ತಿದ್ದವು. ರಿಪೀಟರ್ ಹಾಗೂ ವಾಹನಗಳೊಡನೆ ಎಫ್‌ಎಂ ಮಾತುಕತೆಗೆ ಕಡ್ಡಿಗಳು ನಿಂತಿರಬೇಕು. ಒಬ್ಬರದು ಮಲಗಿ, ಇನ್ನೊಬ್ಬರದು ನಿಂತಿದ್ದರೆ ನಷ್ಟ 20 ಡೆಸಿಬೆಲ್‌ವರೆಗೂ ಹೋಗಬಹುದು, ಅಂದರೆ ನೂರರಲ್ಲಿ ಒಂದು ಪಾಲು ಮಾತ್ರ ಉಳಿದಂತೆ.

ರಾಜ್ಯದುದ್ದಕ್ಕೂ ಒಂದು ತಂತಿ

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅವರು ಹ್ಯಾಮ್ ತಂಡದೊಂದಿಗೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ದ್ವೀಪದ ದೂರವಾಣಿ ಸಂಪರ್ಕ ಕಡಿದುಹೋಗಿದ್ದ ಹೊತ್ತಿನಲ್ಲಿ ಅವರ ನಿಲಯ ಮುಖ್ಯಭೂಮಿಗೆ ಸಂದೇಶಗಳನ್ನು ಮುಟ್ಟಿಸಿತು. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸಮುದ್ರವನ್ನು ದಾಟಲು ಎರಡು ಮೀಟರ್ ಪಟ್ಟಿಯಿಂದ ಆಗದು. ಅಲ್ಲಿ ಬೇಕಾದದ್ದು ಅಯಾನುಗೋಳಕ್ಕೆ ತಾಗಿ ಮರಳುವ ಎಚ್‌ಎಫ್ ಅಲೆಗಳು.

ಮನೆಯಲ್ಲಿ ಇದಕ್ಕೆ ಬೇಕಾಗುವುದು ಗೋಪುರವಲ್ಲ, ತಂತಿ. ತಲಾ ಹತ್ತು ಮೀಟರಿನ ಎರಡು ತಾಮ್ರದ ತಂತಿಗಳ ನಡುವೆ ಕೇಬಲ್ ಜೋಡಿಸಿದರೆ ನಲವತ್ತು ಮೀಟರ್ ಪಟ್ಟಿಯ ಡೈಪೋಲ್ ಆಯಿತು. ನಡುವೆ ಒಂದೇ ಕಂಬ ನೆಟ್ಟು, ಎರಡು ತುದಿಗಳನ್ನು ಇಳಿಜಾರಾಗಿ ಕಟ್ಟಿದರೆ ಅದಕ್ಕೆ ತಲೆಕೆಳಗಾದ 'ವಿ' ಎನ್ನುತ್ತಾರೆ. ಪ್ರಸಾರದ ವೇಳೆ ತುದಿಗಳಲ್ಲಿ ವೋಲ್ಟೇಜ್ ಅಧಿಕವಾಗಿರುವುದರಿಂದ ಮಕ್ಕಳ ಕೈಗೆ ಎಟುಕದಷ್ಟು ಮೇಲಿರಬೇಕು.

ಇಲ್ಲಿ ಎತ್ತರದ ನಿಯಮ ತಲೆಕೆಳಗಾಗುವುದು ಸ್ವಾರಸ್ಯದ ಸಂಗತಿ. ಸಾಗರದಾಚೆಯ ದೇಶಗಳಿಗೆ ಈ ತಂತಿ 20 ಮೀಟರ್ ಮೇಲಿರಬೇಕು. ಎಂಟೊಂಬತ್ತು ಮೀಟರಿನ ಸಾಮಾನ್ಯ ತಾರಸಿಯ ಮೇಲಿದ್ದರೆ ಅದರ ಅಲೆಗಳು ಬಹುತೇಕ ನೆತ್ತಿಯತ್ತ ಹೋಗಿ, ಸುತ್ತಲಿನ ಕೆಲವು ನೂರು ಕಿಲೋಮೀಟರ್ ಪ್ರದೇಶದ ಮೇಲೆ ಮಳೆಯಂತೆ ಇಳಿಯುತ್ತವೆ. ನೇರ ಗೆರೆಯಲ್ಲಿ ಬೆಂಗಳೂರಿನಿಂದ ಮಂಗಳೂರು ಸುಮಾರು 300 ಕಿ.ಮೀ., ಕಲಬುರಗಿ ಸುಮಾರು 500 ಕಿ.ಮೀ. ಕರ್ನಾಟಕದೊಳಗೆ ಹಗಲಿನ ಸಂಪರ್ಕಕ್ಕೆ ತಗ್ಗಿನ ತಂತಿಯೇ ಹೇಳಿ ಮಾಡಿಸಿದ್ದು. ಪಶ್ಚಿಮ ಘಟ್ಟವೂ ಅದಕ್ಕೆ ಅಡ್ಡಿಯಲ್ಲ. ನಗರದಲ್ಲಿ ಇದರ ಶತ್ರು ಗದ್ದಲ. ಎಲ್‌ಇಡಿ ದೀಪ, ಇನ್ವರ್ಟರ್, ಅಗ್ಗದ ಚಾರ್ಜರ್‌ಗಳು ಎಬ್ಬಿಸುವ ಕರಕರ ಶಬ್ದದಲ್ಲಿ ಕ್ಷೀಣ ದನಿಗಳು ಮುಳುಗುತ್ತವೆ. ತಂತಿಯನ್ನು ಮನೆಯ ವೈರಿಂಗ್‌ನಿಂದ ದೂರ ಎಳೆಯುವುದೇ ಮೊದಲ ಪರಿಹಾರ.

ಸಿಡಿಲು, ವಿದ್ಯುತ್ ತಂತಿ, ಮಳೆ

ಈ ಹವ್ಯಾಸದಲ್ಲಿ ಪ್ರಾಣಕ್ಕೆ ಎರವಾಗುವುದು ಸೆಟ್ಟಲ್ಲ, ಆಂಟೆನಾ ಏರಿಸುವ ಗಳಿಗೆ. ನಮ್ಮ ನಗರಗಳ ಅನೇಕ ಬೀದಿಗಳಲ್ಲಿ 11 ಕೆ.ವಿ. ತಂತಿ ತಾರಸಿಯ ಸಮೀಪದಲ್ಲಿಯೇ ಹಾದುಹೋಗುತ್ತದೆ. ಆರು ಮೀಟರಿನ ಕಬ್ಬಿಣದ ಕೊಳವೆಯನ್ನು ಇಬ್ಬರು ನೆಟ್ಟಗೆ ನಿಲ್ಲಿಸುವಾಗ ಅದು ವಾಲಿದರೆ ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗದು. ಕಂಬ ಮತ್ತು ಆಂಟೆನಾದ ಒಟ್ಟು ಉದ್ದ ಎಷ್ಟೋ ಅದಕ್ಕಿಂತ ಹೆಚ್ಚು ದೂರದಲ್ಲಿ ವಿದ್ಯುತ್ ತಂತಿ ಇರಬೇಕು. ಯಾವ ಕಡೆಗೆ ಬಿದ್ದರೂ ತಾಗಬಾರದು. ಅಷ್ಟು ಜಾಗವಿಲ್ಲದ ಮನೆಯಲ್ಲಿ ಎತ್ತರದ ಆಸೆಯನ್ನು ಬಿಡುವುದೇ ಸರಿ. ಕಿಟಕಿಯ 'ಜೆ' ಇದ್ದೇ ಇದೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಕಾಲದಲ್ಲಿ ಸಿಡಿಲಿನ ಭಯ ಹೆಚ್ಚು. ಕಂಬವನ್ನು ದಪ್ಪ ತಂತಿಯಿಂದ ನೆಲಕ್ಕೆ ಅರ್ತಿಂಗ್ ಮಾಡಬೇಕು, ಕೇಬಲ್ ಮನೆಯೊಳಗೆ ಬರುವಲ್ಲಿ ಸಿಡಿಲು ನಿರೋಧಕ ಜೋಡಿಸಬೇಕು. ಆಂಟೆನಾದ ಅರ್ತಿಂಗ್ ಒಂದು ಕಡೆ, ಮನೆಯದು ಇನ್ನೊಂದು ಕಡೆ ಎಂದು ಬಿಡಬಾರದು. ಸಮೀಪದಲ್ಲಿ ಸಿಡಿಲು ಬಿದ್ದಾಗ ಎರಡರ ನಡುವೆ ಉಂಟಾಗುವ ವೋಲ್ಟೇಜ್ ವ್ಯತ್ಯಾಸ ಸೆಟ್ಟಿನ ಮೂಲಕವೇ ದಾರಿ ಹುಡುಕುತ್ತದೆ. ಎರಡನ್ನೂ ಹೊರಗೇ ಒಂದಕ್ಕೊಂದು ಬೆಸೆದಿರಬೇಕು. ಇಷ್ಟೆಲ್ಲ ಮಾಡಿದರೂ ನೇರ ಸಿಡಿಲಿಗೆ ಯಾವ ಖಾತರಿಯೂ ಇಲ್ಲ. ಮೋಡ ಕವಿಯುವ ಮೊದಲೇ ಕೇಬಲ್ ಕಳಚಿ ಹೊರಗಿಡುವುದು ಹಳಬರ ರೂಢಿ. ಗುಡುಗು ಶುರುವಾದ ಮೇಲೆ ಕಳಚಲು ಹೋಗುವುದು ಸಾಹಸವಲ್ಲ, ಮೂರ್ಖತನ.

ಬಾಡಿಗೆ ಮನೆ ಮತ್ತು ಅಪಾರ್ಟ್‌ಮೆಂಟಿನವರು ಮಾಲೀಕರ ಅಥವಾ ಸಂಘದ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಲೇಸು. ವಿಮಾನ ನಿಲ್ದಾಣದ ಸುತ್ತಮುತ್ತ ವಾಸಿಸುವವರು ಎತ್ತರದ ಮಿತಿಯನ್ನೂ ವಿಚಾರಿಸಿಕೊಳ್ಳಬೇಕು.

ಇನ್ನು ಮಳೆ. ಕೇಬಲ್‌ನೊಳಗೆ ಒಮ್ಮೆ ನೀರಿಳಿದರೆ ಅದರ ತಾಮ್ರದ ಹೆಣಿಗೆ ಕಪ್ಪಾಗಿ ನಷ್ಟ ಏರುತ್ತ ಹೋಗುತ್ತದೆ, ಅದನ್ನು ಒಣಗಿಸಿ ಸರಿಪಡಿಸಲು ಬರುವುದಿಲ್ಲ. ಮೇಲಿನ ಕನೆಕ್ಟರಿಗೆ ತನ್ನಷ್ಟಕ್ಕೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಸಾಧಾರಣ ಪಿವಿಸಿ ಟೇಪ್ ಸುತ್ತಬೇಕು. ಕಿಟಕಿಯೊಳಗೆ ಬರುವ ಮುನ್ನ ಕೇಬಲ್ಲನ್ನು ಒಮ್ಮೆ ಕೆಳಕ್ಕೆ ಬಾಗಿಸಿದರೆ ಹನಿಗಳು ಅಲ್ಲಿಯೇ ತೊಟ್ಟಿಕ್ಕುತ್ತವೆ. ಕರಾವಳಿಯಲ್ಲಿ ಇದು ಸಾಲದು. ಉಪ್ಪು ಗಾಳಿಯಲ್ಲಿ ಅಲ್ಯೂಮಿನಿಯಂ ಮತ್ತು ತಾಮ್ರ ಒಂದಕ್ಕೊಂದು ತಾಗಿದ್ದಲ್ಲಿ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ನಡುವೆ ಸ್ಟೇನ್‌ಲೆಸ್ ಸ್ಟೀಲ್ ವಾಷರ್ ಇಟ್ಟು ಬೋಲ್ಟ್ ಬಿಗಿಯುವುದು ವಾಡಿಕೆ. ದೀಪಾವಳಿಯ ಹೊತ್ತಿಗೆ, ಮಳೆಗಾಲ ಕಳೆದ ಮೇಲೆ, ಒಮ್ಮೆ ತಾರಸಿ ಹತ್ತಿ ಬೋಲ್ಟುಗಳನ್ನು ಬಿಗಿದು, ಟೇಪ್ ಬಿಚ್ಚಿ ನೋಡಿ, ಎಸ್‌ಡಬ್ಲ್ಯುಆರ್ ಅಳೆದು, ಹಿಂದಿನ ವರ್ಷ ಬರೆದಿಟ್ಟ ಅಂಕಿಯೊಡನೆ ಹೋಲಿಸಬೇಕು. ಅಂಕಿ ಏರಿದ್ದರೆ ಆಂಟೆನಾವನ್ನು ನೋಡಬೇಕು. ಏನೂ ಮಾಡದೆ ತಾನಾಗಿಯೇ ಇಳಿದಿದ್ದರೆ ಸಂತೋಷಪಡದೆ ಕೇಬಲ್ಲನ್ನು ನೋಡಬೇಕು.